ಮರ್ದಾನಸಾಬ

ಹೆಸರು ಕ್ಲೈವ್ ಮಾರ್ಡನ್. ಯಾದಗಿರಿ ಬಾಯಾಗ
ಎರಡನೇ ಆಟಕ್ಕೇ ಮರ್ದಾನಸಾಬ ಆದ.

ಮದ್ರಾಸ್ ಮೇಲ್ ನಿಂತ ಮೂರು ನಿಮಿಷದಾಗ
ತಗಡಿನ ಡಬ್ಬಿ ಎಂಟು, ಒಮ್ಮೊಮ್ಮೆ ಏಳು,
ಇಳಿಸಿ ಟಾಂಗಾದಾಗ ಒಗೀತಿದ್ದರು.
ಊರೂರು ನೋಡಿ ನೋಡಿ ಗೀರು ಬಿದ್ದ ರೀಲು.
ಹಗಲಿನ ದೃಶ್ಯದಾಗೂ ಮಳಿ ಸುರೀತಿತ್ತು.
ಮುತ್ತು ಕೊಡೋ ಹೊತ್ತಿಗೆ ಸರಿಯಾಗಿ ತುಂಡು.
ಆ ತುಂಡು ಯಾರ ಕಿಸೆದಾಗ ಕುಂತಿತ್ತೋ
ರಾಯಚೂರ ಆಪರೇಟರನ ಹೆಂಡತಿನ್ನ ಕೇಳಬೇಕು.

ನಮ್ಮವ್ವ ಹೆಣ್ಮಕ್ಕಳ ಕಿಟಕ್ಯಾಗ ಟಿಕೆಟ್ ಹರೀತಿದ್ದಳು.
ನೆಲಕ್ಕ ಎರಡಾಣೆ, ಬೆಂಚಿಗೆ ನಾಕಾಣೆ,
ನಡುವ ಮಾಸಿದ ನೀಲಿ ಪರದೆ.
ಪರದೆ ಸಂದಿನಿಂದ ಅವನ ಅರ್ಧ ಮುಖ ಕಾಣ್ತಿತ್ತು.
ಹನ್ನೆರಡು ವರ್ಷ ಅದೇ ಅರ್ಧ.
ಎಡಗೆನ್ನಿ ಹೆಂಗಿತ್ತೋ ಯವ್ವಾ, ಅಂತಿದ್ದಳು,
ನೆಂಟರ ಮಾತು ಆಡಿದಂಗ.

ಇಂಗ್ಲಿಷ್ ಯಾರಿಗೆ ಬರ್ತಿತ್ತು?
ಮಲಂಗ ಮಾಸ್ತರಗೂ ಬರ್ತಿದ್ದಿಲ್ಲ.
ಆದ್ರ ಹೇಳೋ ಕೆಲಸ ಅವಂದೇ. ಬೆಳ್ಳಿಪರದೆ ಬಾಜು ನಿಂತು
ತೊಗರಿಕಟ್ಟಿಗಿ ಎತ್ತಿ ಕೂಗ್ತಿದ್ದ:
“ನೋಡ್ರಪೋ, ಸಾಬ ಏನಂತಾನ ಅಂದ್ರ,
ಹೊಲ ಹೋದ್ರ ಹೋಗಲಿ, ಕುದುರಿ ಕೊಡಂಗಿಲ್ಲ ಅಂತಾನ!
ಆಕಿ ಯಾಕ ಅಳ್ತಾಳ ಅಂದ್ರ,
ಗುರುಮಠಕಲ್ಲಿನಾಗ ಆಕಿ ತಮ್ಮಗ ಜ್ವರ.”

ಹಿಂಗಾಗಿ ನಮ್ಮಲ್ಲಿ ಅವ ಬ್ಯಾರೇನೇ ಬಾಳಿದ.
ಎಷ್ಟೋ ವರ್ಷಕ್ಕ, ಕಲಬುರಗಿ ಲೈಬ್ರರಿಯಾಗ
ಬೆನ್ನು ಕಿತ್ತ ಪುಸ್ತಕದಾಗ ನಾ ಓದಿದೆ:
ಅಲ್ಲಿ ಮೂರು ಮದುವಿ, ಮೂರೂ ಕೋರ್ಟಿನಾಗ ಮುಗಿದವು.
ಇಲ್ಲಿ ಒಬ್ಬಾಕಿನೇ, ಹರಕತ್ತಿನ ತಮ್ಮನ ಅಕ್ಕ.
ಅಲ್ಲಿ ಚಿತ್ರಕ್ಕ ಮಾತು ಬಂದ ದಿನ
ಅವನ ಕೀರಲು ದನಿಗೆ ಸ್ಟುಡಿಯೋ ಪೂರಾ ನಕ್ಕಿತು,
ದೊರಿ ಪಾರ್ಟು ಹೋಗಿ ದೊರಿಯ ಅಪ್ಪನ ಪಾರ್ಟು ಬಂತು.
ಇಲ್ಲಿ ಅವನ ದನಿ ಮಲಂಗ ಮಾಸ್ತರಂದು,
ಬೀಡಿ ಸೇದಿ ಸೇದಿ
ಕೋಟೆ ಬಾಗಿಲದಂಗ ಗರಗರ ತೆರಕೋತಿತ್ತು.

ಇನ್ನೊಂದು ಮಾತು.
ಟಾಕೀಸಿನ ಗುಲಾಬಚಂದ ಸೇಠನ ಹತ್ರ
ದುಡ್ಡಿದ್ದಾಗ ಹೊಸ ಚಿತ್ರ ಬರ್ತಿದ್ದವು.
ಮೊದಲ ಬಂದದ್ದು ಮರ್ದಾನಸಾಬನ ಕಡೀ ಚಿತ್ರ:
ಜಗಲಿ ಕುರ್ಚಿದಾಗ ಮುದುಕ, ಕೈಯಿಂದ ಜಾರಿದ ಕೋಲು.
ಸೇಠ ಬಡವ ಆದಂಗೆಲ್ಲಾ
ಸಾಬ ಎಳೇವ ಆಗ್ತಾ ಬಂದ.
ನರೆಗೂದಲು ಕರ್ರಗಾತು, ಬಿದ್ದ ಹಲ್ಲು ಬಂತು,
ಮಾಳಿಗಿಂದ ಮಾಳಿಗಿಗೆ ಜಿಗಿಯೋ ಕಾಲು ಬಂತು.
ಊರಿಗೆ ಇದು ಸೋಜಿಗ ಅನಸಲೇ ಇಲ್ಲ.
ಸಾಹೇಬರು ಹಂಗೇ ಇರ್ತಾರೇನೋ ಅಂದ್ರು.

ಒಂದು ಸಂಜಿ ಮಿರ್ಚಿಭಜಿ ಕಟ್ಟಿದ ಕಾಗದದಾಗ
ಎಣ್ಣಿ ಕುಡಿದ ಮುಖ. ಕೆಳಗ ನಾಕು ಸಾಲು ಉರ್ದು.
ಮಲಂಗ ಮಾಸ್ತರ ಕಂದೀಲಿಗೆ ಹಿಡಿದು ಓದಿದ.
ಸತ್ತು ಐದು ವರ್ಷ. ಬಾಡಿಗಿ ಕ್ವಾಣಿ.
ಮಣ್ಣಿಗೆ ಆರು ಮಂದಿ.
ಅಂಗಿ ತುದಿಯಿಂದ ಎಣ್ಣಿ ಒರಸಿ, ಮಡಚಿ
ಟೊಪಗಿದಾಗ ಇಟ್ಟುಕೊಂಡ.
ಏನ್ ಬರದಾರೋ ಮಲಂಗಣ್ಣ, ಅಂದಳು ಅವ್ವ.
“ಏನಿಲ್ಲವ್ವ. ಈ ವಾರ ಅವಗ ಇಪ್ಪತ್ತೆರಡು.”
ಆಟದ ಗಂಟಿ ಹೊಡೀತು, ಎದ್ದು ಹ್ವಾದ.

ಕಡೀಗೆ ಬಂದದ್ದು ಒಂದೇ ಡಬ್ಬಿ.
ದನಿ ಇಲ್ಲ. ಸಂತಿ, ಧೂಳಿ, ಯಾರದೋ ಸಾರೋಟು.
ಮೂಲ್ಯಾಗ ಕುದುರಿ ಲಗಾಮು ಹಿಡಿದ ಪೋರ,
ಹದಿನಾರೋ ಹದಿನೇಳೋ, ದೊಗಳೆ ಚಡ್ಡಿ.
ನೋಡಬಾರದಿತ್ತು, ತಪ್ಪಿ
ನೆಟ್ಟಗ ನಮ್ಮ ಕಡಿ ನೋಡಿದ.
ಮಲಂಗ ಮಾಸ್ತರನ ಕಟ್ಟಿಗಿ ಮ್ಯಾಲೆ ಏರಿ
ಹಂಗೇ ನಿಂತಿತು.
ನೆಲದಾಗ ಕುಂತವರು ಒದರಿದ್ರು:
ಏನಂತಾನೋ, ಲಗೂನ ಹೇಳೋ!

“ಇನ್ನಾ ಏನೂ ಅಂದಿಲ್ಲ.”

ಅವ್ವನ್ನ ಕೇಳಿದೆ: ಅವತ್ತರೆ ಎಡಗೆನ್ನಿ ಕಂಡಿತೇನು?
ಎಲ್ಲಿ ನೋಡ್ಲಿ, ಸೇಠ ಲೆಕ್ಕಕ್ಕ ಕರದಿದ್ದ ಅಂದಳು.
ಹೆಣ್ಮಕ್ಕಳ ಕಿಟಕಿ ಮೂರು, ಗಂಡಸರದು ಹದಿನಾಕು.
ಒಂದು ಆಣೆ ಖೋಟಾ.